ನೀರಿನಲ್ಲಿರುವ ಮೈಕ್ರೋಪ್ಲಾಸ್ಟಿಕ್ ಕಣಗಳನ್ನು ಲೇಸರ್ ಕಿರಣದಿಂದ ಗುರುತಿಸುವ ವಿಧಾನ: ಸಾರ್ವಜನಿಕರಿಗೆ ಮಾಹಿತಿ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನಾಗರಿಕರಿಗಾಗಿ)

1. ಪೀಠಿಕೆ

ಕುಡಿಯುವ ನೀರಿನಲ್ಲಿ ಪ್ಲಾಸ್ಟಿಕ್ ಕಣಗಳಿವೆ ಎಂಬ ವರದಿಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಪ್ರಕಟವಾಗುತ್ತಿವೆ. ಇವುಗಳನ್ನು ಓದಿದ ನಾಗರಿಕರು ನೀರಿನ ಪರೀಕ್ಷೆಗೆ ಅರ್ಜಿ ಸಲ್ಲಿಸುವಾಗ, ತಮ್ಮ ಊರಿನ ನೀರಿನಲ್ಲಿಯೂ ಅಂತಹ ಕಣಗಳಿವೆಯೇ ಎಂದು ತಿಳಿಯಬಯಸುವುದು ಸಹಜವಾಗಿದೆ. ಈ ಕಣಗಳನ್ನು ಪತ್ತೆ ಮಾಡುವ ಬಗೆ, ಅದರಲ್ಲಿ ಲೇಸರ್ ಕಿರಣದ ಪಾತ್ರ, ವರದಿಯ ಅಂಕಿಗಳನ್ನು ಅರ್ಥ ಮಾಡಿಕೊಳ್ಳುವ ರೀತಿ ಹಾಗೂ ನಾಗರಿಕರು ಮೊದಲು ಯಾವ ಪರೀಕ್ಷೆಯನ್ನು ಕೋರಬೇಕು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮುಖ್ಯಾಂಶಗಳು ಈ ಕೆಳಕಂಡಂತಿವೆ:

ಅ) ಸಾಮಾನ್ಯ ನೀರು ಪರೀಕ್ಷಾ ವರದಿಯಲ್ಲಿ ಮೈಕ್ರೋಪ್ಲಾಸ್ಟಿಕ್ ಎಂಬ ಅಂಕಣ ಇರುವುದಿಲ್ಲ. ಅಂಕಣವಿಲ್ಲ ಎಂದ ಮಾತ್ರಕ್ಕೆ ಕಣಗಳಿಲ್ಲ ಎಂದು ಭಾವಿಸುವಂತಿಲ್ಲ. ಕಣಗಳಿವೆ ಎಂದೂ ಭಾವಿಸುವಂತಿಲ್ಲ.

ಆ) ಲೇಸರ್ ರೋಹಿತದರ್ಶನವು ಕಣವು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನು ತಿಳಿಸುತ್ತದೆ. ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಅದೊಂದೇ ತಿಳಿಸುವುದಿಲ್ಲ.

ಇ) ಈ ಐದು ತಾಲ್ಲೂಕುಗಳಲ್ಲಿ ಪ್ರತಿಯೊಂದು ಮನೆಯವರೂ ಮೊದಲು ಮಾಡಿಸಬೇಕಾದುದು ಫ್ಲೋರೈಡ್, ನೈಟ್ರೇಟ್ ಹಾಗೂ ಜೀವಾಣು ಪರೀಕ್ಷೆ.

2. ಮೈಕ್ರೋಪ್ಲಾಸ್ಟಿಕ್ ಎಂದರೇನು?

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎಂದು ಕರೆಯಲಾಗುತ್ತದೆ. ಇವುಗಳ ಕೆಳಮಿತಿಯನ್ನು ಸಾಮಾನ್ಯವಾಗಿ 1 ಮೈಕ್ರಾನ್ ಎಂದು ಪರಿಗಣಿಸಲಾಗುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. 1 ಮೈಕ್ರಾನಿಗಿಂತಲೂ ಚಿಕ್ಕ ಕಣಗಳನ್ನು ನ್ಯಾನೋಪ್ಲಾಸ್ಟಿಕ್ ಎನ್ನುತ್ತಾರೆ. ಬ್ರಿಟನ್ನಿನ ವಿಜ್ಞಾನಿ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೇಖನದ ನಂತರ ಈ ವಿಷಯವು ಜಗತ್ತಿನ ಗಮನಕ್ಕೆ ಬಂದಿತು.

ಬಿಸಿಲು, ಗಾಳಿ ಮತ್ತು ತಿಕ್ಕಾಟದಿಂದ ದೊಡ್ಡ ಪ್ಲಾಸ್ಟಿಕ್ ವಸ್ತುಗಳು ಒಡೆದು ಇಂತಹ ಕಣಗಳಾಗುತ್ತವೆ. ಹೊಲದ ಬದುವಿನಲ್ಲಿ ಬಿಸಾಡಿದ ಗೊಬ್ಬರದ ಚೀಲವು ಒಂದೆರಡು ಬೇಸಿಗೆ ಕಳೆದ ಮೇಲೆ ಮುಟ್ಟಿದರೆ ಪುಡಿಯಾಗುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಆ ಪುಡಿಯು ಮಣ್ಣಾಗುವುದಿಲ್ಲ. ಮಳೆಯ ನೀರಿನೊಡನೆ ಹಳ್ಳಕ್ಕೂ ಕೆರೆಗೂ ಹರಿಯುತ್ತದೆ.

3. ಸಾಮಾನ್ಯ ನೀರು ಪರೀಕ್ಷೆಯಲ್ಲಿ ಇದು ಏಕೆ ತಿಳಿಯುವುದಿಲ್ಲ?

ಫ್ಲೋರೈಡ್, ನೈಟ್ರೇಟ್, ಲವಣ ಮುಂತಾದವು ನೀರಿನಲ್ಲಿ ಕರಗಿರುವ ವಸ್ತುಗಳು. ಅವು ನೀರಿನ ಎಲ್ಲ ಭಾಗದಲ್ಲಿಯೂ ಸಮನಾಗಿ ಹರಡಿರುವುದರಿಂದ ಒಂದು ಲೀಟರ್ ಮಾದರಿ ಸಾಕಾಗುತ್ತದೆ. ಒಂದು ಚಮಚ ಪಾನಕ ಕುಡಿದರೆ ಇಡೀ ಪಾತ್ರೆಯ ಸಿಹಿ ತಿಳಿಯುವುದಿಲ್ಲವೇ, ಹಾಗೆ. ಪ್ಲಾಸ್ಟಿಕ್ ಕಣಗಳು ಕರಗುವುದಿಲ್ಲ. ಬಿಡಿಬಿಡಿಯಾಗಿ ತೇಲುತ್ತಲೋ ತಳದಲ್ಲಿಯೋ ಇರುತ್ತವೆ. ಒಂದು ಸೌಟು ಪಾಯಸದಲ್ಲಿ ದ್ರಾಕ್ಷಿ ಬರಲಿಲ್ಲವೆಂದು ಪಾತ್ರೆಯಲ್ಲಿಯೇ ದ್ರಾಕ್ಷಿ ಇಲ್ಲವೆಂದು ಹೇಳಲಾಗದು.

ಈ ಕಾರಣದಿಂದ ಮೈಕ್ರೋಪ್ಲಾಸ್ಟಿಕ್ ಪರೀಕ್ಷೆಗೆ ಹೆಚ್ಚಿನ ಪ್ರಮಾಣದ ನೀರನ್ನು ಸೋಸಬೇಕಾಗುತ್ತದೆ. ಕುಡಿಯುವ ನೀರಿಗಾಗಿ ಯುರೋಪಿಯನ್ ಒಕ್ಕೂಟವು 2024ರಲ್ಲಿ ನಿಗದಿಪಡಿಸಿದ ವಿಧಾನದಲ್ಲಿ ಕನಿಷ್ಠ 1,000 ಲೀಟರ್ ನೀರನ್ನು ಸೋಸಲು ತಿಳಿಸಲಾಗಿದೆ. ಒಂದು ಬಾಟಲಿ ನೀರು ತಂದು ಪರೀಕ್ಷೆ ಕೋರುವುದರಿಂದ ವಿಶ್ವಾಸಾರ್ಹ ಉತ್ತರ ದೊರೆಯುವುದಿಲ್ಲ.

4. ರಾಮನ್ ಪರಿಣಾಮ ಮತ್ತು ಲೇಸರ್

ಯಾವುದೇ ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕನ್ನು ಬಿಟ್ಟಾಗ ಚದುರಿ ಬರುವ ಬೆಳಕಿನ ಬಹುಪಾಲು ಅದೇ ಬಣ್ಣದ್ದಾಗಿರುತ್ತದೆ. ಅತ್ಯಲ್ಪ ಭಾಗ ಮಾತ್ರ, ಅಂದಾಜು ಒಂದು ಕೋಟಿಯಲ್ಲಿ ಒಂದು ಪಾಲು, ಆ ವಸ್ತುವಿನ ಅಣುಗಳ ಕಂಪನದೊಡನೆ ಶಕ್ತಿಯನ್ನು ವಿನಿಮಯ ಮಾಡಿಕೊಂಡು ಬಣ್ಣ ಬದಲಿಸಿ ಹೊರಬರುತ್ತದೆ. ಇದನ್ನು ಸರ್ ಸಿ. ವಿ. ರಾಮನ್ ಅವರು ಕೆ. ಎಸ್. ಕೃಷ್ಣನ್ ಅವರ ಸಹಯೋಗದಲ್ಲಿ 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ಕಂಡುಹಿಡಿದರು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರಾಮನ್ ಅವರು 1970ರಲ್ಲಿ ನಿಧನರಾಗುವವರೆಗೆ ಕರ್ನಾಟಕದಲ್ಲಿಯೇ ನೆಲೆಸಿದ್ದರು.

ಅಂದಿನ ದಿನಗಳಲ್ಲಿ ಪಾದರಸದ ದೀಪದ ಬೆಳಕನ್ನು ಬಳಸಲಾಗುತ್ತಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಒಂದೇ ಬಣ್ಣದ ಪ್ರಬಲ ಕಿರಣವನ್ನು ಸೂಕ್ಷ್ಮದರ್ಶಕದ ಮೂಲಕ ಸುಮಾರು ಒಂದು ಮೈಕ್ರಾನ್ ಅಗಲದ ಚುಕ್ಕೆಗೆ ಕೇಂದ್ರೀಕರಿಸುವುದು ಸಾಧ್ಯವಾಯಿತು. ಹೀಗೆ ಒಂದೊಂದು ಕಣವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬಹುದು.

ಬೆಳಕಿನ ಬಣ್ಣ ಎಷ್ಟು ಸರಿದಿದೆ ಎಂಬುದನ್ನು ಉಪಕರಣವು ರೇಖಾಚಿತ್ರವಾಗಿ ದಾಖಲಿಸುತ್ತದೆ. ಇದಕ್ಕೆ ರೋಹಿತ ಎಂದು ಹೆಸರು. ಪ್ರತಿ ಪ್ಲಾಸ್ಟಿಕ್ಕಿನ ಅಣುರಚನೆ ಬೇರೆಯಾದ್ದರಿಂದ ಅದರ ರೋಹಿತದ ಶಿಖರಗಳೂ ಬೇರೆ. ದಸ್ತಾವೇಜಿನ ಹೆಬ್ಬೆರಳಿನ ಗುರುತು ವ್ಯಕ್ತಿಯನ್ನು ತೋರಿಸುವಂತೆ ಈ ಶಿಖರಗಳು ವಸ್ತುವನ್ನು ತೋರಿಸುತ್ತವೆ. ನೀರು ತಾನೇ ದುರ್ಬಲವಾದ ರಾಮನ್ ಸಂಕೇತ ನೀಡುವುದರಿಂದ ಕಣದ ಮೇಲಿನ ತೇವವು ಈ ಪರೀಕ್ಷೆಗೆ ಹೆಚ್ಚು ಅಡ್ಡಿಯಾಗುವುದಿಲ್ಲ.

5. ಪ್ರಯೋಗಾಲಯದಲ್ಲಿ ಅನುಸರಿಸುವ ಕ್ರಮ

ಅ) ಮಾದರಿ ಸಂಗ್ರಹ: ನೀರನ್ನು ಸಣ್ಣ ಕಣ್ಣಿನ ಲೋಹದ ಜರಡಿ ಅಥವಾ ಶೋಧಕದ ಮೂಲಕ ಹಾಯಿಸಲಾಗುತ್ತದೆ. ಗಾಜು ಅಥವಾ ಸ್ಟೀಲ್ ಪಾತ್ರೆಗಳನ್ನು ಮಾತ್ರ ಬಳಸಲಾಗುತ್ತದೆ.

ಆ) ಜೈವಿಕ ವಸ್ತುಗಳ ನಿವಾರಣೆ: ಪಾಚಿ, ಎಲೆಯ ಚೂರು ಮುಂತಾದವುಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಿಂದ ಕರಗಿಸಲಾಗುತ್ತದೆ.

ಇ) ಸಾಂದ್ರತೆಯ ಮೂಲಕ ಬೇರ್ಪಡಿಸುವಿಕೆ: ಉಪ್ಪು ಅಥವಾ ಜಿಂಕ್ ಕ್ಲೋರೈಡಿನ ಗಾಢ ದ್ರಾವಣದಲ್ಲಿ ಮರಳು ತಳಕ್ಕೆ ಇಳಿಯುತ್ತದೆ, ಹಗುರವಾದ ಪ್ಲಾಸ್ಟಿಕ್ ತೇಲುತ್ತದೆ. ಪಿವಿಸಿಯಂತಹ ಭಾರದ ಪ್ಲಾಸ್ಟಿಕ್ ಅಡುಗೆ ಉಪ್ಪಿನ ದ್ರಾವಣದಲ್ಲಿ ತೇಲುವುದಿಲ್ಲವಾದ್ದರಿಂದ ಜಿಂಕ್ ಕ್ಲೋರೈಡ್ ಬೇಕಾಗುತ್ತದೆ.

ಈ) ಲೇಸರ್ ಪರೀಕ್ಷೆ: ಶೋಧಕದ ಮೇಲೆ ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆದು, ಒಂದೊಂದರ ಮೇಲೂ ಲೇಸರ್ ಬಿಡಲಾಗುತ್ತದೆ. 532 ನ್ಯಾನೋಮೀಟರ್ ತರಂಗಾಂತರದ ಹಸಿರು ಲೇಸರ್ ಮತ್ತು 785 ನ್ಯಾನೋಮೀಟರ್ ತರಂಗಾಂತರದ ಲೇಸರ್ ಹೆಚ್ಚು ಬಳಕೆಯಲ್ಲಿವೆ.

ಉ) ಹೋಲಿಕೆ: ದೊರೆತ ರೋಹಿತವನ್ನು ಗಣಕಯಂತ್ರದಲ್ಲಿರುವ ಪರಿಚಿತ ರೋಹಿತಗಳ ಸಂಗ್ರಹದೊಡನೆ ತಾಳೆ ನೋಡಿ ಹೆಸರು ನಿರ್ಧರಿಸಲಾಗುತ್ತದೆ.

ಊ) ಖಾಲಿ ಮಾದರಿ: ಪರೀಕ್ಷಕರ ಪಾಲಿಯೆಸ್ಟರ್ ಬಟ್ಟೆಯಿಂದಲೂ ಕೊಠಡಿಯ ಧೂಳಿನಿಂದಲೂ ಪ್ಲಾಸ್ಟಿಕ್ ಎಳೆಗಳು ಮಾದರಿಗೆ ಬೀಳಬಹುದು. ಆದ್ದರಿಂದ ಶುದ್ಧ ನೀರನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿ, ಅದರಲ್ಲಿ ಕಂಡ ಕಣಗಳನ್ನು ಗಣನೆಗೆ ತೆಗೆದುಕೊಳ್ಳಲಾಗುತ್ತದೆ. ಲೆಕ್ಕಪತ್ರದಲ್ಲಿ ಆರಂಭಿಕ ಶಿಲ್ಕನ್ನು ಕಳೆಯದೆ ವರ್ಷದ ಜಮೆಯನ್ನು ಹೇಳಲಾಗದಂತೆ, ಖಾಲಿ ಮಾದರಿಯ ಅಂಕಿಯಿಲ್ಲದ ವರದಿಯನ್ನು ಪೂರ್ಣವೆಂದು ಪರಿಗಣಿಸಲಾಗದು.

6. ಕಣದ ಹೆಸರಿನಿಂದ ಮೂಲದ ಪತ್ತೆ

ಕಣದ ಹೆಸರು ತಿಳಿದರೆ ಅದು ಬಂದ ದಾರಿಯನ್ನು ಊಹಿಸಬಹುದು. ನಮ್ಮ ಭಾಗದಲ್ಲಿ ನಿತ್ಯ ಬಳಕೆಯಲ್ಲಿರುವ ವಸ್ತುಗಳು ಮತ್ತು ಅವುಗಳ ರೋಹಿತದ ಪ್ರಮುಖ ಶಿಖರಗಳು ಈ ಕೆಳಕಂಡಂತಿವೆ. ಅಂಕಿಗಳು ಅಂದಾಜಿನವು, ಮಾನ, ಪ್ರತಿ ಸೆಂಟಿಮೀಟರ್.

- ಪಾಲಿಥಿಲೀನ್ (ಕ್ಯಾರಿಬ್ಯಾಗು, ಹನಿ ನೀರಾವರಿ ಪೈಪು, ಹೊಲಕ್ಕೆ ಹಾಸುವ ಹಾಳೆ): 1295, 1440 ಮತ್ತು 2850ರ ಸುತ್ತಮುತ್ತ
- ಪಾಲಿಪ್ರೊಪಿಲೀನ್ (ಗೊಬ್ಬರದ ಚೀಲ, ನೇಯ್ದ ಹಗ್ಗ, ಬಾಟಲಿ ಮುಚ್ಚಳ): 809 ಮತ್ತು 841
- ಪಾಲಿಸ್ಟೈರೀನ್ (ಥರ್ಮಾಕೋಲ್ ತಟ್ಟೆ, ಲೋಟ): 1001
- ಪಿಇಟಿ (ನೀರಿನ ಬಾಟಲಿ, ಪಾಲಿಯೆಸ್ಟರ್ ಬಟ್ಟೆ): 1615 ಮತ್ತು 1726
- ಪಿವಿಸಿ (ನೀರಿನ ಕೊಳವೆ): 637 ಮತ್ತು 694
- ನೈಲಾನ್ (ಮೀನು ಬಲೆ, ದಾರ): 1635ರ ಸುತ್ತಮುತ್ತ

ಪಿಇಟಿ ಕಣವು ಬಾಟಲಿಯದೋ ಬಟ್ಟೆಯದೋ ಎಂಬುದನ್ನು ಲೇಸರ್ ಹೇಳಲಾರದು. ಚಪ್ಪಟೆ ಚೂರಾಗಿದ್ದರೆ ಬಾಟಲಿಯದೆಂದೂ, ಉದ್ದನೆಯ ಎಳೆಯಾಗಿದ್ದರೆ ಬಟ್ಟೆಯದೆಂದೂ ಆಕಾರದಿಂದ ಅಂದಾಜಿಸಲಾಗುತ್ತದೆ. ಕಣಗಳ ಎಣಿಕೆಯಿಂದ ಆತಂಕ ಮಾತ್ರ ಹುಟ್ಟಬಹುದು. ಕಣಗಳ ಹೆಸರಿನಿಂದ ಕ್ರಮ ಕೈಗೊಳ್ಳಲು ದಾರಿ ದೊರೆಯುತ್ತದೆ. ಕೆರೆಯ ನೀರಿನಲ್ಲಿ ಗೊಬ್ಬರದ ಚೀಲದ ಕಣಗಳೇ ಹೆಚ್ಚೆಂದು ತಿಳಿದರೆ ಚೀಲಗಳ ಸಂಗ್ರಹಣೆಯನ್ನೂ, ಥರ್ಮಾಕೋಲ್ ಹೆಚ್ಚೆಂದು ತಿಳಿದರೆ ಜಾತ್ರೆ ಸಮಾರಂಭಗಳ ತಟ್ಟೆ ಲೋಟಗಳನ್ನೂ ಪಂಚಾಯಿತಿಯು ಗಮನಿಸಬಹುದು.

7. ಕರ್ನಾಟಕದಲ್ಲಿ ನಡೆದ ಅಧ್ಯಯನಗಳು

ಮಂಡ್ಯ ಜಿಲ್ಲೆಯ ಕೃಷ್ಣರಾಜಸಾಗರ ಅಣೆಕಟ್ಟೆಯ ಬಳಿ ಕಾವೇರಿ ನೀರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಪೇಂದ್ರ ನಾಂಗ್‌ಥೊಂಬ ಅವರ ತಂಡವು ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ನೀರು ವೇಗವಾಗಿ ಹರಿಯುವ, ನಿಧಾನವಾಗಿ ಹರಿಯುವ ಹಾಗೂ ನಿಂತಿರುವ ಮೂರು ಬಗೆಯ ಸ್ಥಳಗಳಿಂದ ಮಾದರಿ ತೆಗೆಯಲಾಗಿತ್ತು. ರಾಮನ್ ರೋಹಿತದರ್ಶನದಿಂದ ಮೈಕ್ರೋಪ್ಲಾಸ್ಟಿಕ್ ಇರುವುದು ಗೊತ್ತಾಯಿತು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ನಂತರವೂ, ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನಲ್ಲಿ ಬೆಳೆಸಿದ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಅಸ್ಥಿಪಂಜರದ ವಿರೂಪ, ಹೃದಯದ ತೊಂದರೆ ಮತ್ತು ಡಿಎನ್‌ಎ ಹಾನಿ ಕಂಡುಬಂದವು. ಅದೇ ನೀರಿನಲ್ಲಿ ಇತರ ರಾಸಾಯನಿಕಗಳೂ ಇದ್ದುದರಿಂದ ಇಡೀ ಹಾನಿಯನ್ನು ಪ್ಲಾಸ್ಟಿಕ್ ಒಂದಕ್ಕೇ ಆರೋಪಿಸಲಾಗದು. ಮೀನಿನ ಭ್ರೂಣದ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲೂ ಆಗದು.

ದಕ್ಷಿಣ ಕನ್ನಡದ ನೇತ್ರಾವತಿ ನದಿಯನ್ನು ಉಗಮದಿಂದ ಸಮುದ್ರದವರೆಗೆ ಅಧ್ಯಯನ ಮಾಡಿದ ಮಣಿಪಾಲದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ಘನಮೀಟರ್ ನೀರಿನಲ್ಲಿ ಸರಾಸರಿ 288 ಕಣಗಳಿದ್ದವು. ಒಂದು ಘನಮೀಟರ್ ಎಂದರೆ 1,000 ಲೀಟರ್. ಲೆಕ್ಕ ಹಾಕಿದರೆ ಸುಮಾರು ಮೂರೂವರೆ ಲೀಟರಿಗೆ ಒಂದು ಕಣ. ಅಂತಹ ನದಿಯಿಂದಲೂ ಒಂದು ಲೀಟರ್ ನೀರನ್ನು ತಂದರೆ ಹೆಚ್ಚಿನ ಬಾಟಲಿಗಳಲ್ಲಿ ಕಣವೇ ಸಿಗದಿರಬಹುದು.

ನಮ್ಮ ಭಾಗಕ್ಕೆ ಈ ಎರಡು ಅಧ್ಯಯನಗಳಿಂದ ದೊರೆಯುವ ಪಾಠವೆಂದರೆ, ಮಾದರಿಯನ್ನು ಎಲ್ಲಿಂದ ಮತ್ತು ಎಷ್ಟು ತೆಗೆಯಬೇಕು ಎಂಬುದು. ತುಂಗಭದ್ರಾ ನದಿಯು ಶಿವಮೊಗ್ಗ, ಭದ್ರಾವತಿ, ಹರಿಹರ ಮುಂತಾದ ಪಟ್ಟಣಗಳ ನೀರನ್ನು ಸೇರಿಸಿಕೊಂಡು ಹರಪನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುತ್ತದೆ. ಮುಂದೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಜಲಾಶಯದ ಹಿನ್ನೀರಾಗಿ ನಿಲ್ಲುತ್ತದೆ. ಅದೇ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವು 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದೆ. ಇಲ್ಲಿ ಅಧ್ಯಯನ ಕೈಗೊಳ್ಳುವವರು ಹರಿಯುವ ನೀರಿನೊಡನೆ ಹಿನ್ನೀರು ಮತ್ತು ಕೆರೆಗಳ ನಿಂತ ನೀರನ್ನೂ ತಪ್ಪದೆ ಪರೀಕ್ಷಿಸುವುದು ಸೂಕ್ತ. ಕೂಡ್ಲಿಗಿ ಮತ್ತು ಕೊಟ್ಟೂರು ತಾಲ್ಲೂಕುಗಳು ನದಿಯಿಂದ ದೂರವಿದ್ದು, ಅಲ್ಲಿ ಕೊಳವೆಬಾವಿಯ ನೀರು ಮುಖ್ಯ. ಮಣ್ಣಿನ ಪದರಗಳು ಕಣಗಳನ್ನು ಬಹುಮಟ್ಟಿಗೆ ತಡೆಯುತ್ತವೆ. ಆದರೆ ಕೊಳವೆ, ಟ್ಯಾಂಕ್ ಮತ್ತು ಕ್ಯಾನುಗಳಿಂದ ಕಣಗಳು ನಂತರವೂ ಸೇರಬಹುದು.

8. ವರದಿಯ ಅಂಕಿಗಳನ್ನು ಓದುವ ರೀತಿ

2018ರಲ್ಲಿ ಭಾರತವೂ ಸೇರಿದಂತೆ ಒಂಬತ್ತು ದೇಶಗಳಲ್ಲಿ ಕೊಂಡ 259 ನೀರಿನ ಬಾಟಲಿಗಳನ್ನು ಪರೀಕ್ಷಿಸಿದಾಗ, 100 ಮೈಕ್ರಾನಿಗಿಂತ ದೊಡ್ಡ ಕಣಗಳು ಲೀಟರಿಗೆ ಸರಾಸರಿ 10.4 ಇದ್ದವು. 6.5 ಮೈಕ್ರಾನಿನವರೆಗಿನ ಚಿಕ್ಕ ಕಣಗಳ ಅಂದಾಜು ಲೀಟರಿಗೆ 300 ಮೀರಿತ್ತು. 2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವು ಎರಡು ಲೇಸರ್ ಕಿರಣಗಳನ್ನು ಒಟ್ಟಿಗೆ ಬಳಸುವ ಸುಧಾರಿತ ರಾಮನ್ ವಿಧಾನದಿಂದ ಅಲ್ಲಿನ ಬಾಟಲಿ ನೀರಿನಲ್ಲಿ ಲೀಟರಿಗೆ ಸುಮಾರು 2,40,000 ಕಣಗಳನ್ನು ಎಣಿಸಿತು, ಅವುಗಳಲ್ಲಿ ಶೇ. 90ರಷ್ಟು ನ್ಯಾನೋಪ್ಲಾಸ್ಟಿಕ್ ಆಗಿದ್ದವು.

ಈ ಆರು ವರ್ಷಗಳಲ್ಲಿ ಬಾಟಲಿ ನೀರು ಸಾವಿರಾರು ಪಟ್ಟು ಕೆಟ್ಟಿತು ಎಂಬುದು ಇದರ ಅರ್ಥವಲ್ಲ. ಜರಡಿಯ ಕಣ್ಣು ಚಿಕ್ಕದಾದಷ್ಟೂ ಎಣಿಕೆ ಹೆಚ್ಚುತ್ತದೆ. ಆದ್ದರಿಂದ ಯಾವುದೇ ವರದಿಯಲ್ಲಿ ಈ ನಾಲ್ಕು ಅಂಶಗಳನ್ನು ಗಮನಿಸತಕ್ಕದ್ದು:

- ಎಷ್ಟು ಲೀಟರ್ ನೀರನ್ನು ಸೋಸಲಾಯಿತು?
- ಎಣಿಸಿದ ಅತ್ಯಂತ ಚಿಕ್ಕ ಕಣದ ಗಾತ್ರವೆಷ್ಟು?
- ಎಷ್ಟು ಕಣಗಳ ಹೆಸರನ್ನು ರೋಹಿತದಿಂದ ದೃಢಪಡಿಸಲಾಯಿತು?
- ಖಾಲಿ ಮಾದರಿಯಲ್ಲಿ ಎಷ್ಟು ಕಣಗಳಿದ್ದವು?

9. ಈ ವಿಧಾನದ ಮಿತಿಗಳು

ಕಪ್ಪು ಬಣ್ಣದ ಟೈರ್ ಕಣಗಳು ಲೇಸರ್ ಶಾಖವನ್ನು ಹೀರಿ ಸುಟ್ಟುಹೋಗಬಹುದು. ಬಣ್ಣ ಹಾಕಿದ ಪ್ಲಾಸ್ಟಿಕ್ಕಿನಲ್ಲಿ ಬಣ್ಣದ ರೋಹಿತವೇ ಮುಂದಾಗಿ ಪ್ಲಾಸ್ಟಿಕ್ಕಿನ ರೋಹಿತ ಮರೆಯಾಗಬಹುದು. ಪಾಚಿ ಅಂಟಿದ ಕಣಗಳು ತಾವೇ ಹೊಳೆದು ಸಂಕೇತವನ್ನು ಮುಚ್ಚುತ್ತವೆ. ಒಂದೊಂದೇ ಕಣವನ್ನು ನೋಡಬೇಕಾದುದರಿಂದ ಬಹಳ ಸಮಯ ಹಿಡಿಯುತ್ತದೆ. 20 ಮೈಕ್ರಾನಿಗಿಂತ ದೊಡ್ಡ ಕಣಗಳಿಗೆ ಅವಗೆಂಪು ಕಿರಣದ ವಿಧಾನವೂ ಬಳಕೆಯಲ್ಲಿದೆ. 1 ಮೈಕ್ರಾನಿನವರೆಗಿನ ಚಿಕ್ಕ ಕಣಗಳಿಗೆ ರಾಮನ್ ವಿಧಾನ ಹೆಚ್ಚು ಉಪಯುಕ್ತ.

10. ನಾಗರಿಕರು ಯಾವ ಪರೀಕ್ಷೆಗೆ ಅರ್ಜಿ ಸಲ್ಲಿಸಬೇಕು?

ಭಾರತೀಯ ಮಾನಕ ಐಎಸ್ 10500:2012ರಲ್ಲಿ ಮೈಕ್ರೋಪ್ಲಾಸ್ಟಿಕ್‌ಗೆ ಮಿತಿಯನ್ನು ನಿಗದಿಪಡಿಸಿಲ್ಲ. ಆದುದರಿಂದ ಕಣಗಳ ಎಣಿಕೆಯ ಆಧಾರದ ಮೇಲೆ ನೀರನ್ನು ಯೋಗ್ಯ ಅಥವಾ ಅಯೋಗ್ಯ ಎಂದು ಪ್ರಮಾಣೀಕರಿಸಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರ ವರದಿಯಲ್ಲಿ, ಕುಡಿಯುವ ನೀರಿನ ಮೈಕ್ರೋಪ್ಲಾಸ್ಟಿಕ್‌ನಿಂದ ಆರೋಗ್ಯಕ್ಕೆ ಅಪಾಯವಿದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದೂ, ಹೆಚ್ಚಿನ ಸಂಶೋಧನೆ ಅಗತ್ಯವೆಂದೂ, ರೋಗಾಣುಗಳ ನಿವಾರಣೆಗೆ ಆದ್ಯತೆ ನೀಡಬೇಕೆಂದೂ ತಿಳಿಸಿದೆ.

ಈ ಕೆಳಕಂಡ ಅಂಶಗಳಿಗೆ ಮಾನಕದಲ್ಲಿ ಸ್ಪಷ್ಟ ಮಿತಿಗಳಿವೆ:

- ಫ್ಲೋರೈಡ್: ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿ.ಗ್ರಾಂ
- ನೈಟ್ರೇಟ್: ಲೀಟರಿಗೆ 45 ಮಿ.ಗ್ರಾಂ
- ಗಡಸುತನ: ಲೀಟರಿಗೆ 200 ಮಿ.ಗ್ರಾಂ, ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿ.ಗ್ರಾಂ
- ಇ-ಕೊಲೈ ಜೀವಾಣು: 100 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು

ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಬಹುಕಾಲದಿಂದ ತಿಳಿದಿರುವಂಥದು. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ನೀರು ಸೇವಿಸಿ ಜೀವಹಾನಿ ಸಂಭವಿಸಿದುದನ್ನು ಯಾರೂ ಮರೆಯುವಂತಿಲ್ಲ. ಅಂದು ಕಾಡಿದುದು ವಾಂತಿಭೇದಿ. ಹೊಸ ಆತಂಕದ ನಡುವೆ ಹಳೆಯ ಅಪಾಯವನ್ನು ಕಡೆಗಣಿಸಬಾರದು.

ಗ್ರಾಮ ಪಂಚಾಯಿತಿಗಳಲ್ಲಿ ಕ್ಷೇತ್ರ ಪರೀಕ್ಷಾ ಕಿಟ್ ಮೂಲಕ ಪ್ರಾಥಮಿಕ ಪರೀಕ್ಷೆ ಮಾಡಲಾಗುತ್ತದೆ. ಹೆಚ್ಚಿನ ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವನ್ನು ಸಂಪರ್ಕಿಸಬಹುದು. ಅರ್ಜಿಯಲ್ಲಿ ನೀರಿನ ಮೂಲ, ಸ್ಥಳ, ಮಾದರಿ ತೆಗೆದ ದಿನಾಂಕ ಹಾಗೂ ವೇಳೆಯನ್ನು ನಮೂದಿಸತಕ್ಕದ್ದು. ಜೀವಾಣು ಪರೀಕ್ಷೆಗೆ ಪ್ರಯೋಗಾಲಯವು ನೀಡುವ ಕ್ರಿಮಿಶುದ್ಧ ಬಾಟಲಿಯನ್ನೇ ಬಳಸಿ, ತಂಪಾಗಿಟ್ಟು ಆದಷ್ಟು ಬೇಗ ತಲುಪಿಸಬೇಕು.

11. ಪದೇಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೀರನ್ನು ಕುದಿಸಿದರೆ ಪ್ಲಾಸ್ಟಿಕ್ ಕಣಗಳು ಹೋಗುವವೇ?
ಉತ್ತರ: ಗಡಸು ನೀರನ್ನು ಕುದಿಸಿದಾಗ ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣದ ಪದರು ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. 2024ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದಂತೆ, ಗಡಸು ನೀರನ್ನು ಕುದಿಸಿ ಸೋಸಿದಾಗ ಕಣಗಳು ಶೇ. 90ರವರೆಗೆ ಕಡಿಮೆಯಾದವು; ಮೃದು ನೀರಿನಲ್ಲಿ ಸುಮಾರು ಶೇ. 25ರಷ್ಟು ಮಾತ್ರ. ಕುದಿಸುವುದರಿಂದ ರೋಗಾಣುಗಳೂ ಸಾಯುತ್ತವೆ. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಫ್ಲೋರೈಡ್ ಇರುವ ಊರುಗಳಲ್ಲಿ ಕುದಿಸುವುದೊಂದೇ ಪರಿಹಾರವಲ್ಲ.

ಪ್ರಶ್ನೆ: ಬಾಟಲಿ ನೀರು ಸುರಕ್ಷಿತವೇ?
ಉತ್ತರ: ಪ್ಲಾಸ್ಟಿಕ್ ಕಣಗಳ ಮಟ್ಟಿಗೆ ಹೇಳುವುದಾದರೆ, ಮೇಲ್ಕಂಡ ಅಧ್ಯಯನಗಳಂತೆ ಬಾಟಲಿ ನೀರಿನಲ್ಲಿಯೂ ಕಣಗಳಿರುತ್ತವೆ. ಕಣಗಳ ಭಯದಿಂದ ಬಾಟಲಿ ನೀರಿಗೆ ಬದಲಾಯಿಸುವುದರಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಮನೆಗೆ ಬಂದು ಚಿಕ್ಕ ಉಪಕರಣದಿಂದ ತಕ್ಷಣ ಪ್ಲಾಸ್ಟಿಕ್ ತೋರಿಸುತ್ತೇವೆ ಎನ್ನುವವರನ್ನು ನಂಬಬಹುದೇ?
ಉತ್ತರ: ನೀರಿಗೆ ಅದ್ದುವ ಸಾಮಾನ್ಯ ಉಪಕರಣಗಳು ಕರಗಿದ ಲವಣವನ್ನು ಮಾತ್ರ ಅಳೆಯುತ್ತವೆ. ಅವುಗಳಿಗೆ ಪ್ಲಾಸ್ಟಿಕ್ ಕಾಣುವುದಿಲ್ಲ. ಅಂತಹ ಪ್ರದರ್ಶನವನ್ನು ನಂಬಿ ಶುದ್ಧೀಕರಣ ಯಂತ್ರ ಕೊಳ್ಳಬಾರದು.

ಪ್ರಶ್ನೆ: ಕಣಗಳು ನೀರಿಗೆ ಸೇರದಂತೆ ನಾವು ಏನು ಮಾಡಬಹುದು?
ಉತ್ತರ: ಗೊಬ್ಬರದ ಚೀಲ, ಹಳೆಯ ಹನಿ ನೀರಾವರಿ ಪೈಪು ಮತ್ತು ಹಾಸು ಹಾಳೆಗಳನ್ನು ಹೊಲದಲ್ಲಿ ಬಿಡದೆ, ಸುಡದೆ, ಸಂಗ್ರಹಿಸಿ ಪಂಚಾಯಿತಿಯ ಕಸ ವಿಲೇವಾರಿಗೆ ನೀಡಬೇಕು. ಕೊಟ್ಟೂರಿನ ರಥೋತ್ಸವ, ಮೈಲಾರದ ಕಾರ್ಣಿಕ ಮುಂತಾದ ಜಾತ್ರೆಗಳಿಗೆ ತೆರಳುವಾಗ ಸ್ಟೀಲ್ ತಂಬಿಗೆ ಹಾಗೂ ಬಟ್ಟೆ ಚೀಲ ಒಯ್ಯುವುದು ಉತ್ತಮ. ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ ಎಂಬುದನ್ನು ಗಮನಿಸುವುದು. ಮನೆಯಲ್ಲಿ ಕುಡಿಯುವ ನೀರನ್ನು ಬಿಸಿಲಿಗೆ ಇಟ್ಟ ಪ್ಲಾಸ್ಟಿಕ್ ಕ್ಯಾನಿಗಿಂತ ಸ್ಟೀಲ್, ತಾಮ್ರ ಅಥವಾ ಮಣ್ಣಿನ ಪಾತ್ರೆಯಲ್ಲಿ ಮುಚ್ಚಿಡುವುದು ಸೂಕ್ತ.

ಒಮ್ಮೆ ಕೆರೆಗೆ ಸೇರಿದ ಕಣವನ್ನು ಹೆಸರಿಸಲು ಲೇಸರ್ ಇದೆ. ಹೆಕ್ಕಿ ತೆಗೆಯಲು ಸುಲಭ ಸಾಧನವಿಲ್ಲ. ಆದ ಕಾರಣ ಸಾರ್ವಜನಿಕರು ಪ್ಲಾಸ್ಟಿಕ್ ತ್ಯಾಜ್ಯವನ್ನು ಮೂಲದಲ್ಲಿಯೇ ತಡೆಯುವುದರ ಜೊತೆಗೆ, ತಮ್ಮ ಕುಡಿಯುವ ನೀರಿನ ಮೂಲವನ್ನು ಫ್ಲೋರೈಡ್ ಹಾಗೂ ಜೀವಾಣುಗಳಿಗಾಗಿ, ಅದರಲ್ಲಿಯೂ ಮಳೆಗಾಲದ ಮೊದಲು ಮತ್ತು ನಂತರ, ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ.